ಬಿದ್ದವರು ಮತ್ತು ಮರಳಿದವರು: ವಿಜಯಪುರ ಸೀಮೆಯ ಕ್ರೈಸ್ತ ಸಭೆಗಳಲ್ಲಿ ರಕ್ಷಣೆಯ ಸ್ಥಿರತೆಯ ಪ್ರಶ್ನೆ

ಒಮ್ಮೆ ರಕ್ಷಣೆ ಹೊಂದಿದ ವಿಶ್ವಾಸಿ ಅದನ್ನು ಕಳೆದುಕೊಳ್ಳಬಲ್ಲನೇ? ಕ್ರೈಸ್ತ ಸಭೆಗಳನ್ನು ಶತಮಾನಗಳಿಂದ ಕಾಡುತ್ತ ಬಂದಿರುವ ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಜಿನೀವಾ, ಡಾರ್ಟ್, ಲಂಡನ್‌ಗಳ ವಾದಗಳಾಗಿಯೇ ಓದುತ್ತೇವೆ. ಆ ವಾದಗಳೆಲ್ಲ ಉತ್ತರ ಕರ್ನಾಟಕಕ್ಕೂ ಬಂದಿವೆ. ತಿಕೋಟಾ ತಾಲ್ಲೂಕಿನ ಹೊನವಾಡವನ್ನು ನಡುವೆ ಇಟ್ಟುಕೊಂಡು ಸುತ್ತಲ ನಕ್ಷೆ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಪೂರ್ವಕ್ಕೆ ವಿಜಯಪುರ, ಆಗ್ನೇಯಕ್ಕೆ ಗುಳೇದಗುಡ್ಡ: ಇವು ಬಾಸೆಲ್ ಮಿಷನ್ನಿನ ಠಾಣೆಗಳು. ಪಶ್ಚಿಮಕ್ಕೆ ಮಿರಜ, ಸಾಂಗ್ಲಿ: ಅಲ್ಲಿ ಅಮೆರಿಕನ್ ಪ್ರೆಸ್ಬಿಟೇರಿಯನ್ನರು. ನೈಋತ್ಯಕ್ಕೆ ಬೆಳಗಾವಿ: ಮೊದಲು ಲಂಡನ್ ಮಿಷನ್, ಆಮೇಲೆ ಮೆಥೊಡಿಸ್ಟರು. ಆಗ್ನೇಯದ ಇನ್ನೂ ದೂರದಲ್ಲಿ ಮುದಗಲ್ಲು: ಆದಿಲ್‌ಶಾಹಿ ಕಾಲದಿಂದ ಉಳಿದುಬಂದ ಕಥೋಲಿಕ ಸಮುದಾಯ. ಒಂದೇ ಪ್ರಶ್ನೆಗೆ ನಾಲ್ಕು ಪರಂಪರೆಗಳು ಹೊತ್ತು ತಂದ ಉತ್ತರಗಳು ಈ ಬಯಲುಸೀಮೆಯನ್ನು ಸುತ್ತುವರಿದಿದ್ದವು.

ಸಿದ್ಧಾಂತದಲ್ಲಿ ದೂರವಿದ್ದ ಈ ಸಭೆಗಳು ಬಿದ್ದವರನ್ನು ಎದುರುಗೊಂಡಾಗ ಹೆಚ್ಚುಕಡಿಮೆ ಒಂದೇ ದಾರಿ ಹಿಡಿದವು ಎಂಬುದು ಈ ಲೇಖನದ ವಾದ. ಆದ್ದರಿಂದ ನಮ್ಮಲ್ಲಿ ಈ ಪ್ರಶ್ನೆಯ ಇತಿಹಾಸವನ್ನು ಮರಳಿ ಬಂದವರ ಕಡೆಯಿಂದ ಬರೆಯಬೇಕು.

ಪ್ರಶ್ನೆಯ ಮೂಲ

ಬೈಬಲಿನಲ್ಲೇ ಎರಡು ಬಗೆಯ ಮಾತುಗಳಿವೆ. ತನ್ನ ಕುರಿಗಳನ್ನು ಯಾರೂ ತನ್ನ ಕೈಯಿಂದ ಕಿತ್ತುಕೊಳ್ಳಲಾರರೆಂಬ ಯೇಸುವಿನ ಭರವಸೆ ಯೋಹಾನನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿದೆ. ದೇವರ ಪ್ರೀತಿಯಿಂದ ನಮ್ಮನ್ನು ಅಗಲಿಸುವಂಥದ್ದು ಯಾವುದೂ ಇಲ್ಲವೆಂಬ ಪೌಲನ ಧೈರ್ಯ ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯದಲ್ಲಿದೆ. ಆದರೆ ಬೆಳಕನ್ನು ಕಂಡು, ಪವಿತ್ರಾತ್ಮನಲ್ಲಿ ಪಾಲುಗೊಂಡು ಆಮೇಲೆ ಬಿದ್ದುಹೋದವರನ್ನು ಮತ್ತೆ ಪಶ್ಚಾತ್ತಾಪಕ್ಕೆ ತರಲಾಗದೆಂದು ಇಬ್ರಿಯರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯ ಎಚ್ಚರಿಸುತ್ತದೆ.

ಈ ಎಚ್ಚರಿಕೆ ಮೊದಲು ಬೀದಿಗೆ ಬಂದದ್ದು ಕ್ರಿ.ಶ. 250ರ ಸುಮಾರಿಗೆ, ಚಕ್ರವರ್ತಿ ಡೇಸಿಯಸ್‌ನ ಕಿರುಕುಳದಲ್ಲಿ. ಜೀವಭಯದಿಂದ ರೋಮನ್ ದೇವತೆಗಳಿಗೆ ಬಲಿ ಅರ್ಪಿಸಿದ ಕ್ರೈಸ್ತರು ಕಿರುಕುಳ ತಗ್ಗಿದ ಮೇಲೆ ಸಭೆಯ ಬಾಗಿಲಿಗೆ ಬಂದರು. ರೋಮಿನ ಪಾದ್ರಿ ನೊವೇಶಿಯನ್ ಅವರನ್ನು ಸೇರಿಸಲು ಒಪ್ಪಲಿಲ್ಲ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ 251ರ ಸಮಾಲೋಚನಾ ಸಭೆಯ ಬಳಿಕ, ಪ್ರಾಯಶ್ಚಿತ್ತದ ಅವಧಿ ಮುಗಿಸಿದವರಿಗೆ ದಾರಿ ತೆರೆದ. ಮುಂದೆ ಅಗಸ್ಟೀನ್ ಕೊನೆಯವರೆಗೆ ತಾಳುವ ಶಕ್ತಿಯೂ ದೇವರ ವರವೇ ಎಂದು ಕಲಿಸಿದ. ಯಾರಿಗೆ ಆ ವರ ಸಿಕ್ಕಿದೆಯೆಂದು ಬದುಕಿರುವಾಗ ಯಾರೂ ಖಚಿತವಾಗಿ ಹೇಳಲಾರರೆಂದೂ ಸೇರಿಸಿದ. ನಂತರದ ಎಲ್ಲ ವಾದಗಳೂ ಈ ನೆಲೆಯಿಂದಲೇ ಕವಲೊಡೆದವು.

ನಾಲ್ಕು ಉತ್ತರಗಳು

1530ರ ಆಗ್ಸ್‌ಬರ್ಗ್ ಅರಿಕೆಯ 12ನೆಯ ವಿಧಿಯಲ್ಲಿ ಲೂಥರನ್ನರು ಎರಡು ಕಡೆಯವರನ್ನೂ ಖಂಡಿಸಿದರು: ನೀತಿವಂತರೆನಿಸಿದವರು ಪವಿತ್ರಾತ್ಮನನ್ನು ಕಳೆದುಕೊಳ್ಳಲಾರರು ಎಂದವರನ್ನು, ಹಾಗೆಯೇ ಬಿದ್ದು ಮರಳಿದವರಿಗೆ ಕ್ಷಮೆ ನಿರಾಕರಿಸಿದ ನೊವೇಶಿಯನ್ನರನ್ನು. 1547ರ ಜನವರಿ 13ರಂದು ಟ್ರೆಂಟ್ ಮಹಾಸಭೆಯ ಆರನೆಯ ಅಧಿವೇಶನ ಕಥೋಲಿಕರ ಉತ್ತರವನ್ನು ಸ್ಥಿರಪಡಿಸಿತು. ಅದರ ಪ್ರಕಾರ ಮಾರಕ ಪಾಪ ಮಾಡಿದವನಲ್ಲಿ ನಂಬಿಕೆ ಉಳಿದಿರಬಹುದು, ಕೃಪೆ ಉಳಿಯುವುದಿಲ್ಲ. ಪಾಪನಿವೇದನೆಯ ಸಂಸ್ಕಾರದಲ್ಲಿ ಅದು ಮತ್ತೆ ದೊರಕುತ್ತದೆ. ಈ ಸಂಸ್ಕಾರವನ್ನು ಹಡಗು ಒಡೆದವನ ಕೈಗೆ ಸಿಗುವ ಎರಡನೆಯ ಹಲಗೆಯೆಂದು ಹಳೆಯ ಸಭಾಪಿತೃಗಳು ಕರೆದಿದ್ದರು. ಟ್ರೆಂಟ್ ಅದನ್ನೇ ಉಳಿಸಿಕೊಂಡಿತು.

ಕ್ಯಾಲ್ವಿನ್ ಪರಂಪರೆ ಬೇರೆ ಹಾದಿ ಹಿಡಿಯಿತು. ಹಾಲೆಂಡಿನಲ್ಲಿ ಆರ್ಮಿನಿಯಸ್‌ನ ಅನುಯಾಯಿಗಳು 1610ರಲ್ಲಿ ಮಂಡಿಸಿದ ಐದು ವಿಧಿಗಳಲ್ಲಿ ಕೊನೆಯದು, ನಿಜ ವಿಶ್ವಾಸಿ ಕೃಪೆಯಿಂದ ಜಾರಬಹುದೇ ಎಂಬುದನ್ನು ಇನ್ನಷ್ಟು ಪರಿಶೀಲಿಸಬೇಕೆಂದು ತೆರೆದೇ ಬಿಟ್ಟಿತ್ತು. 1618–19ರ ಡಾರ್ಟ್ ಸಭೆ ಅದನ್ನು ಮುಚ್ಚಿತು: ದೇವರು ಆರಿಸಿಕೊಂಡವರು ಕೊನೆಗೂ ನಾಶವಾಗರು. ಡಾರ್ಟ್ ಪಾಪವನ್ನು ಹಗುರವಾಗಿ ಕಂಡಿತೆಂದು ಮಾತ್ರ ಹೇಳಲಾಗದು. ದಾವೀದ, ಪೇತ್ರರ ಪತನಗಳನ್ನು ಎದುರಿಗಿಟ್ಟುಕೊಂಡೇ ಅದು ಬರೆಯಿತು. 17ನೆಯ ಶತಮಾನದ ವೆಸ್ಟ್‌ಮಿನ್‌ಸ್ಟರ್ ಅರಿಕೆಯ 17ನೆಯ ಅಧ್ಯಾಯವೂ ವಿಶ್ವಾಸಿಗಳು ಕೆಲಕಾಲ ಘೋರ ಪಾಪದಲ್ಲಿ ಬೀಳಬಹುದೆಂದು ಒಪ್ಪುತ್ತದೆ.

ಜಾನ್ ವೆಸ್ಲಿ 1751ರಲ್ಲಿ ಇದೇ ವಿಷಯದ ಮೇಲೆ ಕಿರುಹೊತ್ತಗೆ ಬರೆದು, ನಿಜವಾಗಿ ನಂಬಿದವನೂ ಬಿದ್ದು ನಾಶವಾಗಬಹುದೆಂದು ವಾದಿಸಿದ. 1784ರ ಮೆಥೊಡಿಸ್ಟ್ ಧರ್ಮವಿಧಿಗಳಲ್ಲಿ 12ನೆಯದು ಆಂಗ್ಲಿಕನ್ ಸಭೆಯ ಹಳೆಯ ವಿಧಿಯನ್ನೇ ಉಳಿಸಿಕೊಂಡಿತು. ಪವಿತ್ರಾತ್ಮನನ್ನು ಹೊಂದಿದ ಮೇಲೂ ಕೃಪೆಯಿಂದ ದೂರ ಸರಿಯಬಹುದು, ದೇವರ ಕೃಪೆಯಿಂದಲೇ ಮತ್ತೆ ಏಳಬಹುದು ಎಂಬುದು ಅದರ ಸಾರ.

ಈ ಸೀಮೆಗೆ ಬಂದ ಬಗೆ

ಕಥೋಲಿಕರು ಮೊದಲು ಬಂದರು. ಬಿಜಾಪುರದ ಅರಸರ ಆದಿಲ್‌ಖಾನ್ ಎಂಬ ಹೆಸರನ್ನು ಪೋರ್ತುಗೀಸರು ಇದಲ್ಕಾನ್ ಎನ್ನುತ್ತಿದ್ದರು. ಗೋವೆಯ ದಿವಾಡಿಯಲ್ಲಿ ಹುಟ್ಟಿದ ಮಾತೆವುಸ್ ದಿ ಕಾಸ್ತ್ರೊ 1637ರಲ್ಲಿ ಇದಲ್ಕಾನ್ ಅಂದರೆ ಬಿಜಾಪುರ ರಾಜ್ಯದ ಧರ್ಮಾಧಿಕಾರಿಯಾಗಿ ನೇಮಕಗೊಂಡರು. ಲ್ಯಾಟಿನ್ ವಿಧಿಯ ಮೊದಲ ಭಾರತೀಯ ಬಿಷಪ್ ಇವರೇ. ಆಗ ಆದಿಲ್‌ಶಾಹಿಗೆ ಸೇರಿದ್ದ ಬಿಚೋಲಿಯಲ್ಲಿ ಅವರು ನೆಲೆಸಿದ್ದರು.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅಲ್ಲಿ ನಡೆದ ಕೆಲಸದಿಂದ 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಸಿಕ್ಕಿತು. ಯೋಹಾನನ ಭರವಸೆಯೂ ಇಬ್ರಿಯರ ಎಚ್ಚರಿಕೆಯೂ ಕನ್ನಡ ಓದುಗನಿಗೆ ಒಟ್ಟಿಗೇ ದೊರೆತವು. ಇದೇ ಮಿಷನ್ 1820ರಲ್ಲಿ ಜೋಸೆಫ್ ಟೇಲರ್ ಮೂಲಕ ಬೆಳಗಾವಿ ಠಾಣೆ ಆರಂಭಿಸಿತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1851ರಲ್ಲಿ ಗುಳೇದಗುಡ್ಡ, 1885ರಲ್ಲಿ ಬಿಜಾಪುರ ಹೀಗೆ ಒಳನಾಡಿಗೆ ಹರಡಿತು. ಈ ಮಿಷನ್ನಿನಲ್ಲಿ ಲೂಥರನ್ ಮತ್ತು ರಿಫಾರ್ಮ್ಡ್ ಎರಡೂ ಕಡೆಯವರಿದ್ದರು. ಹೆಚ್ಚಿನವರು ವುರ್ಟೆಂಬರ್ಗಿನ ಭಕ್ತಿಪಂಥದಲ್ಲಿ ಬೆಳೆದವರು. ಕೃಪೆ ಕಳೆದುಹೋಗಬಹುದೆಂದ ಆಗ್ಸ್‌ಬರ್ಗೂ ಕಳೆದುಹೋಗದೆಂದ ಕ್ಯಾಲ್ವಿನನೂ ಒಂದೇ ಮಿಷನ್ನಿನೊಳಗೆ ಕೂಡಿ ಬಾಳಬೇಕಾಯಿತು. ಪಶ್ಚಿಮದಲ್ಲಿ 1852ರಲ್ಲಿ ಕೊಲ್ಹಾಪುರದಲ್ಲಿ ಆರಂಭವಾದ ಅಮೆರಿಕನ್ ಕೆಲಸ ಸಾಂಗ್ಲಿ, ಮಿರಜಗಳವರೆಗೆ ಬೆಳೆಯಿತು. ಮಿರಜದಲ್ಲಿ ವಿಲಿಯಂ ವಾನ್‌ಲೆಸ್ ಕಟ್ಟಿದ ಆಸ್ಪತ್ರೆ ಗಡಿಯಾಚೆಯ ಕನ್ನಡ ಹಳ್ಳಿಗಳಿಗೂ ಹೆಸರಾಯಿತು.

1904ರಲ್ಲಿ ಲಂಡನ್ ಮಿಷನ್ ತನ್ನ ಬೆಳಗಾವಿ ಕೆಲಸವನ್ನು ಅಮೆರಿಕನ್ ಮೆಥೊಡಿಸ್ಟರಿಗೆ ಬಿಟ್ಟುಕೊಟ್ಟಿತು. ಕ್ಯಾಲ್ವಿನ್ ಕಡೆಗೆ ಒಲಿದಿದ್ದ ಬೋಧಕರ ನೆರಳಿನಲ್ಲಿ ಎಂಟು ದಶಕ ಬೆಳೆದ ಸಭೆ, ಆಡಳಿತದ ಒಂದು ನಿರ್ಧಾರದಿಂದ ವೆಸ್ಲಿಯ ಪರಂಪರೆಗೆ ಸೇರಿತು. ರಕ್ಷಣೆಯ ಸ್ಥಿರತೆಯ ಬಗ್ಗೆ ಯುರೋಪನ್ನು ಒಡೆದಿದ್ದ ಗೆರೆಯನ್ನು ಇಲ್ಲಿನ ಕುಟುಂಬಗಳು ತಮ್ಮ ಊರು ಬಿಡದೆಯೇ ದಾಟಿದವು.

ಬಿದ್ದವರು ಯಾರು?

ಈ ನೆಲದಲ್ಲಿ ಪ್ರಶ್ನೆಯನ್ನು ಹರಿತಗೊಳಿಸಿದ್ದು ಬದುಕಿನ ಒತ್ತಡಗಳು. ಇಷ್ಟಲಿಂಗ ಕಳೆದುಹೋದರೆ ಪ್ರಾಣವನ್ನೇ ಬಿಡಬೇಕೆಂಬ ನಿಷ್ಠೆಯ ಕಥೆಗಳನ್ನು ಕೇಳಿ ಬೆಳೆದ ನಾಡು ಇದು. ದೀಕ್ಷೆ ಪಡೆದವನು ಅದರಿಂದ ಜಾರುವುದೆಂದರೇನು ಎಂದು ಇಲ್ಲಿನವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಕಾಲಜ್ಞಾನದ ಭವಿಷ್ಯವಾಣಿಗಳನ್ನು ನಂಬಿದ್ದ ಕೆಲವರು ಹುಬ್ಬಳ್ಳಿ–ಧಾರವಾಡ ಸೀಮೆಯಲ್ಲಿ ಬಾಸೆಲ್ ಬೋಧಕರನ್ನು ಆಸಕ್ತಿಯಿಂದ ಸಮೀಪಿಸಿದ್ದರು. ಅವರಿಗಾಗಿ 1841ರಲ್ಲಿ ಗದಗಿನ ಸಮೀಪ ಮಲ್ಲಸಮುದ್ರದಲ್ಲಿ ಕೃಷಿ ನೆಲೆಯೊಂದನ್ನು ತೆರೆಯಲಾಯಿತು. ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಬಂದವರ ಆಸಕ್ತಿ ನಂಬಿಕೆಯಾಗಿ ಗಟ್ಟಿಗೊಳ್ಳುವ ಮೊದಲೇ ದೀಕ್ಷಾಸ್ನಾನ ಕೊಡಬಾರದೆಂಬ ಭಕ್ತಿಪಂಥದ ಎಚ್ಚರ ಇಂಥ ಅನುಭವಗಳಿಂದ ಇನ್ನಷ್ಟು ಬಲಗೊಂಡಿರಬೇಕು.

ದೀಕ್ಷಾಸ್ನಾನ ಪಡೆದವನಿಗೆ ಮನೆ, ಹೊಲ, ಹೆಂಡತಿಮಕ್ಕಳು, ಕುಲದ ಪಂಕ್ತಿ ಎಲ್ಲವೂ ಕೈತಪ್ಪುವ ಸಂಭವವಿತ್ತು. ಮತಾಂತರಗೊಂಡವರ ಆಸ್ತಿಹಕ್ಕು ಕಾಯಲು 1850ರಲ್ಲಿ ಕಾಯಿದೆಯೇ ಬರಬೇಕಾಯಿತು. ಕಾಯಿದೆ ಆಸ್ತಿಯನ್ನು ಕಾಯಬಹುದಿತ್ತು. ಮದುವೆಯ ಸಂಬಂಧಗಳನ್ನೂ ಊರಿನ ಬಾವಿಯ ನೀರನ್ನೂ ತರಲಾರದಾಗಿತ್ತು. 1876–78ರ ಬರಗಾಲದಲ್ಲಿ ಅಂದಿನ ಕಲಾದಗಿ ಜಿಲ್ಲೆ ಭೀಕರವಾಗಿ ನರಳಿತು. ಇಂದಿನ ವಿಜಯಪುರವೂ ಅದರಲ್ಲೇ ಇತ್ತು. ಹಸಿವಿನಲ್ಲಿ ಸಭೆಗೆ ಬಂದವರು, ಹಸಿವು ತೀರಿದ ಮೇಲೆ ಹಿಂತಿರುಗಿದವರು: ಇವರ ನಂಬಿಕೆಯನ್ನು ಹೇಗೆ ಅಳೆಯಬೇಕು? ಕ್ಯಾಲ್ವಿನ್ ಪರಂಪರೆಯವರು, ಅವರು ಮೊದಲಿನಿಂದಲೂ ನಮ್ಮವರಾಗಿರಲಿಲ್ಲ ಎನ್ನಬಹುದಿತ್ತು. ವೆಸ್ಲಿಯವರು, ಹೊಂದಿದ್ದನ್ನು ಕಳೆದುಕೊಂಡರು ಎನ್ನಬಹುದಿತ್ತು. ಹಸಿದು ಬಂದವನ ಮನಸ್ಸನ್ನು ಎರಡೂ ವಿವರಣೆಗಳು ಪೂರ್ತಿ ತಿಳಿಯಲಾರವು.

ಈ ಸೀಮೆಯಾಚೆ, ದಕ್ಷಿಣದ ಕಥೋಲಿಕರ ನಡುವೆ ಈ ಪ್ರಶ್ನೆ ಇನ್ನೂ ಕಠಿಣ ರೂಪದಲ್ಲಿ ಬಂದಿತ್ತು. 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಅನೇಕರು ಬಲವಂತವಾಗಿ ಮತ ಬದಲಿಸಬೇಕಾಯಿತು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅವರ ಮುಂದೆ ಮರಳುವ ಪ್ರಶ್ನೆ ಎದ್ದಿತು. ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಸಭೆಯನ್ನು ಕಟ್ಟಲು ಬಂದ ಫ್ರೆಂಚ್ ಪಾದ್ರಿ ಅಬೆ ದುಬ್ವಾ ಮತ ಬಿಟ್ಟವರನ್ನು ಮತ್ತೆ ಸಭೆಗೆ ಸೇರಿಸುವ ಕೆಲಸದಲ್ಲಿ ತೊಡಗಿದ. ಕಾರ್ಥೇಜಿನ ಸಿಪ್ರಿಯನ್ ಎದುರಿಸಿದ್ದ ಸಮಸ್ಯೆ ಕಾವೇರಿ ತೀರದಲ್ಲಿ ಮತ್ತೆ ತಲೆದೋರಿತ್ತು. ಟ್ರೆಂಟಿನ ವಿಧಿ ಇಲ್ಲಿ ಜೀವಂತ ಮನುಷ್ಯರ ಬಿಡುಗಡೆಯ ಮಾರ್ಗವಾಯಿತು.

ಶಿಸ್ತು ಮತ್ತು ಮರಳುವಿಕೆ

ಪ್ರೊಟೆಸ್ಟಂಟ್ ಸಭೆಗಳಲ್ಲಿ ಪಾಪನಿವೇದನೆಯ ಸಂಸ್ಕಾರ ಇರಲಿಲ್ಲ. ಅದರ ಸ್ಥಾನದಲ್ಲಿ ಸಭಾಶಿಸ್ತು ಇತ್ತು. ಬಾಸೆಲ್ ಸಭೆಗಳಲ್ಲಿ ತಪ್ಪಿದವನಿಗೆ ಮೊದಲು ಬುದ್ಧಿಮಾತು, ಆಮೇಲೆ ಕರ್ತನ ಭೋಜನದಿಂದ ತಡೆ, ಕೊನೆಗೆ ಸಭೆಯಿಂದ ಹೊರಗಿಡುವುದು. ಪಶ್ಚಾತ್ತಾಪ ಕಂಡಾಗ ಮತ್ತೆ ಸೇರಿಸಿಕೊಳ್ಳುವುದು. ಮೆಥೊಡಿಸ್ಟರು ಸಣ್ಣ ವರ್ಗಕೂಟಗಳಲ್ಲಿ ಪ್ರತಿಯೊಬ್ಬನ ನಡತೆ ವಿಚಾರಿಸಿದರು. ಹಿಂಜಾರಿದವರಿಗಾಗಿ ಉಜ್ಜೀವನ ಕೂಟ ನಡೆಸಿದರು. ಪ್ರೆಸ್ಬಿಟೇರಿಯನ್ನರಲ್ಲಿ ಈ ಹೊಣೆ ಸಭೆಯ ಹಿರಿಯರದ್ದು. ಬಿದ್ದವನು ಏನನ್ನು ಕಳೆದುಕೊಂಡನೆಂಬ ಬಗ್ಗೆ ಮೂವರ ಉತ್ತರಗಳು ಬೇರೆ. ಅವನನ್ನು ಹುಡುಕಿಕೊಂಡು ಹೋಗಬೇಕೆಂಬ ಬಗ್ಗೆ ಭೇದವಿರಲಿಲ್ಲ. ಮರಳಿದವನಿಗೆ ಎರಡನೆಯ ಸಲ ದೀಕ್ಷಾಸ್ನಾನ ಕೊಡುವುದನ್ನು ಈ ಯಾವ ಪರಂಪರೆಯೂ ಒಪ್ಪುವುದಿಲ್ಲ. ಮನುಷ್ಯ ಜಾರಿದರೂ ದೇವರು ಒಮ್ಮೆ ಕೊಟ್ಟ ಮಾತು ಅಳಿಯದೆಂಬ ನಂಬಿಕೆಯಲ್ಲಿ ಎಲ್ಲರೂ ಒಂದಾಗಿದ್ದರು.

ಒಕ್ಕೂಟಗಳ ಕಾಲ

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಸ್ಥಾಪನೆಯಾದಾಗ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಒಂದಾದವು. ಪ್ರಾಚೀನ ವಿಶ್ವಾಸ ಪ್ರಮಾಣಗಳನ್ನು ಒಪ್ಪಿದರೆ ಸಾಕಾಯಿತು. ಡಾರ್ಟೋ ವೆಸ್ಲಿಯೋ ಎಂದು ಯಾರೂ ಆರಿಸಬೇಕಾಗಿ ಬರಲಿಲ್ಲ. ಉತ್ತರ ಕರ್ನಾಟಕದ ಬಾಸೆಲ್ ಸಭೆಗಳು 1968ರಲ್ಲಿ ಇದರಲ್ಲಿ ಸೇರಿದವು. ಮಿರಜ ಕಡೆಯ ಪ್ರೆಸ್ಬಿಟೇರಿಯನ್ ಪರಂಪರೆ 1970ರಲ್ಲಿ ಉತ್ತರ ಭಾರತ ಸಭೆಗೆ ಹೋಯಿತು. ಬೆಳಗಾವಿಯ ಮೆಥೊಡಿಸ್ಟರು ಪ್ರತ್ಯೇಕವಾಗಿಯೇ ಉಳಿದರು.

ಇತ್ತೀಚಿನ ದಶಕಗಳಲ್ಲಿ ಪ್ರಶ್ನೆ ಹೊಸದಾಗಿ ಎದ್ದಿದೆ. ಬ್ರದರನ್ ಮತ್ತು ಅನೇಕ ಬ್ಯಾಪ್ಟಿಸ್ಟ್ ಸಭೆಗಳು ವಿಶ್ವಾಸಿಯ ರಕ್ಷಣೆ ಎಂದಿಗೂ ಕಳೆಯದೆಂದು ಕಲಿಸುತ್ತವೆ. ಅಸೆಂಬ್ಲೀಸ್ ಆಫ್ ಗಾಡ್‌ನಂಥ ಪೆಂತೆಕೊಸ್ತ ಸಭೆಗಳು ಕಳೆಯಬಹುದೆಂದು ಎಚ್ಚರಿಸುತ್ತವೆ. ಒಂದೇ ಊರಿನ ಒಂದೇ ಮನೆತನದಲ್ಲಿ ಎರಡೂ ಬೋಧನೆ ಕೇಳಿದವರು ಇರುತ್ತಾರೆ. ಒಬ್ಬರು ನಿಶ್ಚಿಂತರಾಗಿ ಜಾಗ್ರತೆ ಬಿಡುತ್ತಾರೆ. ಇನ್ನೊಬ್ಬರು ಪ್ರತಿ ತಪ್ಪಿನ ಬಳಿಕ ಎಲ್ಲವೂ ಮುಗಿಯಿತೆಂದು ಕಂಗಾಲಾಗುತ್ತಾರೆ.

ಇಬ್ಬರಿಗೂ ಈ ಸೀಮೆಯ ಇತಿಹಾಸದಲ್ಲಿ ಪಾಠವಿದೆ. ಎಚ್ಚರಿಕೆಯ ವಾಕ್ಯಗಳು ಉಡಾಫೆಯಿಂದಿರುವವನಿಗಾಗಿ ಇವೆ, ಭರವಸೆಯ ವಾಕ್ಯಗಳು ಭೀತನಿಗಾಗಿ. ಇವುಗಳನ್ನು ಅದಲುಬದಲು ಮಾಡಿದಾಗಲೆಲ್ಲ ಸಭೆ ಜನರನ್ನು ಗಾಯಗೊಳಿಸಿದೆ. ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಮತ್ತು ಬಾಸೆಲ್‌ನ ದಾಖಲೆಗಳನ್ನೂ ಹಳೆಯ ಸಭೆಗಳ ದೀಕ್ಷಾಸ್ನಾನದ ಪುಸ್ತಕಗಳನ್ನೂ ಓದುವ ಸಂಶೋಧಕರು ಸೇರಿದವರ ಸಂಖ್ಯೆಯನ್ನಷ್ಟೇ ಎಣಿಸದೆ, ಹೊರಗಿಟ್ಟವರ ಮತ್ತು ಮರಳಿ ಸೇರಿದವರ ನಮೂದುಗಳನ್ನೂ ಜೋಡಿಸಿ ನೋಡಬೇಕು. ಡಾರ್ಟ್ ಸಭೆಯವರೂ ವೆಸ್ಲಿಯೂ ತಮ್ಮ ಸಿದ್ಧಾಂತವನ್ನು ಬಿದ್ದವನ ಒಳಿತಿಗಾಗಿಯೇ ಬರೆದರು. ಅವನು ಎದ್ದು ಬಂದನೋ ಇಲ್ಲವೋ ಎಂಬುದೇ ಆ ಸಿದ್ಧಾಂತಗಳಿಗೆ ಇತಿಹಾಸ ಒಡ್ಡುವ ನಿಜವಾದ ಪರೀಕ್ಷೆ.