ಬಸುರಿಯ ಬಳಲಿಕೆ: ಸಹಜವೆಷ್ಟು, ರೋಗವೆಷ್ಟು?

ಓಕರಿಕೆ, ಬಾಯಲ್ಲಿ ನೀರೂರುವುದು, ಅನ್ನ ಬೇಡವೆನಿಸುವುದು, ಹುಳಿಯ ಆಸೆ, ಪಾದಗಳ ಬಾವು. ಈಗ ತಾಲ್ಲೂಕು ಕೇಂದ್ರಗಳಾಗಿರುವ ಟಿಕೋಟಾ, ಬಬಲೇಶ್ವರಗಳ ಹಿರಿಯ ಹೆಂಗಸರು ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದ ಈ ಪಟ್ಟಿ ಚರಕಸಂಹಿತೆಯ ಶಾರೀರಸ್ಥಾನದಲ್ಲಿಯೂ ಇದೆ. ಗರ್ಭಿಣಿಯಲ್ಲಿ ತನ್ನದೊಂದು, ಮಗುವಿನದೊಂದು ಹೀಗೆ ಎರಡು ಹೃದಯಗಳಿರುವುದರಿಂದ ಆಕೆಯ ಬಯಕೆಯನ್ನು ಕಡೆಗಣಿಸಬಾರದೆಂದು ಪ್ರಾಚೀನ ವೈದ್ಯರು ವಿಧಿಸಿದ್ದರು. ನಮ್ಮ ಕಡೆಯ ಕುಬುಸದ ಹಿಂದೆಯೂ ಈ ಭಾವವೇ ಇದೆಯೆಂದು ನನ್ನ ಎಣಿಕೆ. ಹಸಿರು ಸೀರೆ, ಬಳೆ, ಆರತಿ ಇವೆಲ್ಲ ಹೊರಗಿನ ಸಡಗರ. ಒಳಗಿನ ಲಾಭವೆಂದರೆ, ಅದು ಮುಗಿದ ಮೇಲೆ ಚೊಚ್ಚಲ ಬಸುರಿ ತವರಿಗೆ ಹೋಗುತ್ತಿದ್ದಳು. ಕೊಡ ಹೊರುವುದೂ ರೊಟ್ಟಿ ಬಡಿಯುವುದೂ ಕೆಲವು ತಿಂಗಳಾದರೂ ತಪ್ಪುತ್ತಿತ್ತು. ಸೇದುಬಾವಿಯ ಕಾಲದ ಬೆನ್ನುನೋವಿಗೆ ಇದಕ್ಕಿಂತ ದೊಡ್ಡ ಔಷಧಿ ಇರಲಿಲ್ಲ. ಎರಡನೆಯ, ಮೂರನೆಯ ಬಸಿರಿಗೆ ಮಾತ್ರ ಆ ಭಾಗ್ಯ ಎಲ್ಲರಿಗೂ ಸಿಗುತ್ತಿರಲಿಲ್ಲ.

ಬಯಕೆಗಳಲ್ಲಿ ವಿಚಿತ್ರವಾದುದು ಮಣ್ಣಿನ ಬಯಕೆ. ಕಾಳಿದಾಸನ ರಘುವಂಶದ ಮೂರನೆಯ ಸರ್ಗದಲ್ಲಿ ಗರ್ಭಿಣಿ ಸುದಕ್ಷಿಣೆಯ ಮುಖ ಮಣ್ಣಿನ ಕಂಪು ಬೀರುತ್ತದೆ. ದಿಲೀಪ ಮಹಾರಾಜನಿಗೆ ಅದನ್ನು ಎಷ್ಟು ಮೂಸಿದರೂ ತೃಪ್ತಿಯಿಲ್ಲ. ಕಾವ್ಯಕ್ಕೆ ಅದು ಶೃಂಗಾರ. ನಮ್ಮ ಓಣಿಯಲ್ಲಿ ಗೋಡೆಯ ಮಣ್ಣನ್ನೂ ಒಡೆದ ಗಡಿಗೆಯ ಚೂರನ್ನೂ ಕದ್ದು ತಿನ್ನುತ್ತಿದ್ದ ಬಿಳಿಚಿದ ಸೊಸೆಯಂದಿರನ್ನು ಕಂಡವಳು ನಾನು. ನನಗೆ ಆ ಶೃಂಗಾರ ರುಚಿಸಲಿಲ್ಲ. ಇಂಥ ಬಯಕೆ ಅನೇಕ ವೇಳೆ ರಕ್ತದಲ್ಲಿ ಕಬ್ಬಿಣದ ಕೊರತೆಯ ಗುರುತೆಂದು ವೈದ್ಯರು ಇಂದು ಹೇಳುತ್ತಾರೆ.

ಬಸುರಿಯ ರಕ್ತಹೀನತೆಯ ಇನ್ನೊಂದು ಗುಟ್ಟು ಬಯಲಾದದ್ದು ಮುಂಬಯಿಯಲ್ಲಿ. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತಕ್ಕೇ ಸೇರಿತ್ತೆಂಬುದನ್ನು ನನ್ನ ವಿದ್ಯಾರ್ಥಿಗಳು ಮರೆತಿರಲಾರರು. 1928ರಲ್ಲಿ ಅಲ್ಲಿಗೆ ಬಂದ ಆಂಗ್ಲ ವೈದ್ಯೆ ಲೂಸಿ ವಿಲ್ಸ್, ಬಟ್ಟೆಗಿರಣಿಗಳ ಬಡ ಗರ್ಭಿಣಿಯರ ಒಂದು ಬಗೆಯ ತೀವ್ರ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಅದು ಸೋಂಕಿನಿಂದ ಬಂದುದಲ್ಲ, ಊಟದ ಕೊರತೆಯಿಂದ ಬಂದುದೆಂದು ಕಂಡುಕೊಂಡರು. ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರವನ್ನು ಕೊಟ್ಟಾಗ ಆ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಅದನ್ನು ಪ್ರಕಟಿಸಿದರು. ಆ ಸಾರದಲ್ಲಿದ್ದ ಅಜ್ಞಾತ ವಸ್ತು 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಟ್ಟು ಫೋಲಿಕ್ ಆಮ್ಲವೆಂಬ ಹೆಸರು ಪಡೆಯಿತು. ಭಾರತ ಸರಕಾರ 1970ರಲ್ಲಿ ಆರಂಭಿಸಿದ ಕಾರ್ಯಕ್ರಮದಡಿ ಕಬ್ಬಿಣದೊಡನೆ ಹಂಚಿದ ಗುಳಿಗೆ ಇದೇ. ಮಲ ಕಪ್ಪಾಗುತ್ತದೆ, ಹೊಟ್ಟೆ ಕಟ್ಟುತ್ತದೆ ಎಂದು ಅದನ್ನು ತಿಪ್ಪೆಗೆ ಎಸೆದವರೂ ಉಂಟು.

ಬಾವಿನ ಕಥೆ ಇನ್ನೂ ಕಠಿಣ. ನನ್ನ ಚಿಕ್ಕಮ್ಮ ಟಿಕೋಟಾದ ಸಮೀಪದ ಹಳ್ಳಿಯಲ್ಲಿದ್ದರು. 1960ರ ಸುಮಾರಿನ ಮಾತು. ಎಂಟು ತಿಂಗಳಾದಾಗ ಕಾಲು ಬಾತವು; ಬಸುರಿಗೆ ಅದು ಇದ್ದದ್ದೇ ಎಂದರು. ಬಳಿಕ ಮುಖವೂ ಕೈಯೂ ಊದಿಕೊಂಡವು, ತಲೆ ಸಿಡಿಯತೊಡಗಿತು, ಕಣ್ಣು ಮಂಜಾಯಿತು. ಆಗಲೂ ಮನೆಯವರು ಅದೇ ಮಾತು ಹೇಳಿದರು. ಸೆಳೆತ ಬಂದಾಗ ಗಾಳಿ ಸೋಂಕಿತೆಂದು ತಾಯಿತ ಕಟ್ಟಿದರು. ಚಕ್ಕಡಿ ವಿಜಾಪುರ ಮುಟ್ಟುವ ಮೊದಲೇ ತಾಯಿಯೂ ಹೋದರು, ಮಗುವೂ ಹೋಯಿತು. ಮನೆಯವರು ಕ್ರೂರಿಗಳಾಗಿರಲಿಲ್ಲ, ಅವರ ಹಳೆಯ ಪಟ್ಟಿಯಲ್ಲಿ ಸಹಜ ಬಾವಿಗೂ ಈ ಬಾವಿಗೂ ಬೇರೆ ಹೆಸರಿರಲಿಲ್ಲ, ಅಷ್ಟೆ.

ಇವೆರಡನ್ನು ಬೇರ್ಪಡಿಸಿ ತೋರಿಸುವುದರಲ್ಲಿ ರಕ್ತದೊತ್ತಡದ ಅಳತೆಗೆ ಮುಖ್ಯ ಪಾತ್ರವಿದೆ. ತೋಳಿಗೆ ಪಟ್ಟಿ ಕಟ್ಟಿ ಸ್ಟೆತಾಸ್ಕೋಪಿನಿಂದ ಸಪ್ಪಳ ಆಲಿಸುವ ವಿಧಾನವನ್ನು ರಷ್ಯದ ಕೊರೊಟ್ಕೊವ್ 1905ರಲ್ಲಿಯೇ ತಿಳಿಸಿದ್ದರು. ನಗರದಲ್ಲಿ 1984ರಲ್ಲಿ ಅಲ್-ಅಮೀನ್, 1986ರಲ್ಲಿ ಬಿ.ಎಲ್.ಡಿ.ಇ. ವೈದ್ಯಕೀಯ ಕಾಲೇಜುಗಳು ಬಂದವು. ಈಗ ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಬರುತ್ತಾರೆ. ತಾಯಿ ಕಾರ್ಡಿನಲ್ಲಿ ತೂಕ, ಒತ್ತಡ, ರಕ್ತದ ಪ್ರಮಾಣ ದಾಖಲಾಗುತ್ತವೆ. 2017ರ ಮಾತೃಪೂರ್ಣ ಯೋಜನೆಯಿಂದ ಅಂಗನವಾಡಿಯಲ್ಲಿ ಬಸುರಿಗೆ ಬಿಸಿಯೂಟವೂ ಬಂದಿತು.

ಇಷ್ಟಾಗಿಯೂ ನಮ್ಮ ತಾಂಡಾಗಳಿಂದ, ಹಳ್ಳಿಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ಕುಟುಂಬಗಳಿವೆ. ಅವರಲ್ಲಿ ಬಸುರಿಯರೂ ಇರುತ್ತಾರೆ. ನಸುಕಿನಲ್ಲಿ ಎದ್ದು ಕಬ್ಬಿನ ಹೊರೆ ಹೊರುವ ಹೆಣ್ಣುಮಗಳು ಕಾಲು ಬಾತಿದೆ, ತಲೆ ನೋಯುತ್ತಿದೆ ಎಂದರೆ, ತಾಯಿ ಕಾರ್ಡು ಗಂಟಿನಲ್ಲಿದ್ದರೂ, ಆ ಪರವೂರಿನ ಗದ್ದೆಯ ಬದುವಿನಲ್ಲಿ ಆಕೆಯ ತೋಳಿಗೆ ಪಟ್ಟಿ ಕಟ್ಟಿ ನೋಡುವವರು ಯಾರು?