ಅವ್ವನ ಗುಳಿಗೆ, ಜೋಳದ ರೊಟ್ಟಿ ಮತ್ತು ಡಾಕ್ಟರ್ ಕೇಳದ ಒಂದು ಪ್ರಶ್ನೆ

ಕೆಲಗೇರಿಯ ನಮ್ಮ ಮನೆಯಲ್ಲಿ ಅವ್ವ ಎಂಟು ತಿಂಗಳು ರಕ್ತ ಹೆಚ್ಚಾಗುವ ಗುಳಿಗೆ ನುಂಗಿದರು. ಎರಡು ದವಾಖಾನೆ ತಿರುಗಿದೆವು, ಮೂರು ಸಲ ರಕ್ತ ತಪಾಸಣೆ ಆಯಿತು. ಹಿಮೋಗ್ಲೋಬಿನ್ ಮಾತ್ರ ಏರಲೇ ಇಲ್ಲ. ಪ್ರತಿ ಸಲ ಗುಳಿಗೆಯ ಹೆಸರು ಬದಲಾಗುತ್ತಿತ್ತು, ಬಿಲ್ಲು ಬೆಳೆಯುತ್ತಿತ್ತು.

ಕೊನೆಗೆ ಓಣಿಯ ಆಶಾ ಕಾರ್ಯಕರ್ತೆ ಒಂದು ದಿನ ಮನೆಗೆ ಬಂದವರು ಕೇಳಿದರು: "ಅವ್ವಾರ, ಗುಳಿಗಿ ಯಾವಾಗ ತಗೋತೀರಿ? ಏನ್ ಉಣ್ತೀರಿ?"

ಅವ್ವ ಹೇಳಿದರು: "ಮುಂಜಾನೆ ಚಾದ ಜೋಡಿ ತಗೋತೀನಿ. ಮಧ್ಯಾಹ್ನ ರೊಟ್ಟಿ, ಖಾರ. ಉಳಿದಿದ್ರ ಪಲ್ಯೆ."

ಚಹಾದ ಒಗರು ಕಬ್ಬಿಣದ ಅಂಶವನ್ನು ಹಿಡಿದುಕೊಳ್ಳುತ್ತದೆ, ಮೈಗೆ ಹತ್ತಗೊಡುವುದಿಲ್ಲ. ಗುಳಿಗೆಗೂ ಚಹಾಕ್ಕೂ ಒಂದೆರಡು ತಾಸು ಅಂತರ ಬೇಕು. ಊಟದಲ್ಲಿ ಲಿಂಬೆಹಣ್ಣು, ಸೊಪ್ಪು, ಕಾಳು ಇದ್ದರೆ ಒಳ್ಳೆಯದು. ಆಕೆ ಇಷ್ಟನ್ನೇ ಹೇಳಿದ್ದು. ಮುಂದಿನ ತಪಾಸಣೆಯಲ್ಲಿ ಅಂಕಿ ಏರಿತ್ತು.

ಆ ಡಾಕ್ಟರರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಅವರ ಮುಂದೆ ನೂರು ಜನರ ಪಾಳಿ ಇತ್ತು. ಆದರೆ "ಏನ್ ಉಣ್ತೀರಿ" ಎಂಬ ಪ್ರಶ್ನೆ ದವಾಖಾನೆಯಲ್ಲಿ ಯಾಕೆ ಇಷ್ಟು ಅಪರೂಪ ಎಂದು ಹುಡುಕುತ್ತ ಹೋದಾಗ ನಮಗೆ ಒಂದು ಅಚ್ಚರಿಯ ಇತಿಹಾಸ ಸಿಕ್ಕಿತು. ಊಟವನ್ನು ನೋಡಿ ರೋಗ ಕಂಡುಹಿಡಿಯುವ ವಿದ್ಯೆಯ ದೊಡ್ಡ ಪಾಠಗಳಲ್ಲಿ ಕೆಲವು ನಮ್ಮ ದಕ್ಷಿಣದಲ್ಲೇ ಹುಟ್ಟಿದವು. ಅದರಲ್ಲಿ ಕನ್ನಡಿಗರ ಊಟವೂ ಇದೆ, ನಮ್ಮ ಜೋಳವೂ ಇದೆ.

ಇಲಿಗಳು ಉಂಡ ಕನ್ನಡಿಗರ ಊಟ

1918ರಲ್ಲಿ ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯ ಒಂದೇ ಒಂದು ಕೋಣೆಯಲ್ಲಿ ಬೆರಿಬೆರಿ ರೋಗದ ಶೋಧನೆ ಶುರುವಾಯಿತು. ಬೆರಿಬೆರಿ ಎಂದರೆ ಮಿಲ್ಲಿನ ಪಾಲಿಶ್ ಅಕ್ಕಿಯನ್ನೇ ನಂಬಿದವರ ಕೈಕಾಲು ಸೋತು, ಹೃದಯ ಬಳಲುವ ರೋಗ. ಅಕ್ಕಿಯ ತೌಡಿನ ಜೊತೆ ಬಿ1 ಜೀವಸತ್ವವೂ ಹೋಗುವುದೇ ಅದಕ್ಕೆ ಕಾರಣ. ಶೋಧನೆಯ ಮುಖ್ಯಸ್ಥರು ರಾಬರ್ಟ್ ಮ್ಯಾಕ್‌ಕ್ಯಾರಿಸನ್, ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಡಾಕ್ಟರ್.

ಅವರು ಮುಂದೆ ಒಂದು ಪ್ರಯೋಗ ಮಾಡಿದರು. ಒಂದೇ ತಳಿಯ ಎಳೆಯ ಇಲಿಗಳನ್ನು ಏಳು ಗುಂಪು ಮಾಡಿ, ಒಂದೊಂದು ಗುಂಪಿಗೆ ದೇಶದ ಒಂದೊಂದು ಜನರ ಊಟ ಹಾಕಿದರು: ಸಿಖ್ಖರು, ಪಠಾಣರು, ಮರಾಠರು, ಗೂರ್ಖರು, ಕನ್ನಡಿಗರು, ಬಂಗಾಳಿಗಳು, ಮದ್ರಾಸಿಗಳು. ಇಲಿಗಳು ಬೆಳೆದು ತೂಗಿದ ಕ್ರಮವೂ ಇದೇ. ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿ ಇದ್ದ ಸಿಖ್ಖರ ಊಟದ ಇಲಿಗಳು ಮೊದಲು. ಪಾಲಿಶ್ ಅಕ್ಕಿಯೇ ಹೆಚ್ಚಿದ್ದ ಮದ್ರಾಸಿ ಊಟದವು ಕೊನೆಗೆ. ಕನ್ನಡಿಗರ ಊಟಕ್ಕೆ ಐದನೇ ಸ್ಥಾನ.

ಆ ಕಾಲದ ಬ್ರಿಟಿಷರು ಕೆಲವು ಜನಾಂಗಗಳು ಹುಟ್ಟಿನಿಂದಲೇ ಗಟ್ಟಿ, ಕೆಲವು ಸೊರಗು ಎಂದು ಹೇಳುತ್ತಿದ್ದರು. ಆದರೆ ಇಲಿಗೆ ಜನಾಂಗ ಎಲ್ಲಿಂದ ಬಂತು? ಎಲ್ಲವೂ ಒಂದೇ ತಳಿಯವು. ತೂಕದ ಫರಕು ಬಂದದ್ದು ತಟ್ಟೆಯಿಂದ. ಇಂಗ್ಲೆಂಡಿನ ಬಡವರ ಊಟವನ್ನೂ ಅವರು ಇಲಿಗೆ ಹಾಕಿ ನೋಡಿದರು: ಬಿಳಿ ಬ್ರೆಡ್ಡು, ಮಾರ್ಗರೀನ್, ಸಕ್ಕರೆ ಚಹಾ, ಡಬ್ಬಿ ಮಾಂಸ, ಜಾಮು. ಆ ಇಲಿಗಳು ಕುಗ್ಗಿ, ಕೊನೆಗೆ ಒಂದನ್ನೊಂದು ಕೊಂದು ತಿನ್ನತೊಡಗಿದವು.

1935ರಲ್ಲಿ ಮ್ಯಾಕ್‌ಕ್ಯಾರಿಸನ್ ನಿವೃತ್ತರಾದರು. ನಂತರ ಬಂದ ಡಬ್ಲ್ಯೂ. ಆರ್. ಐಕ್ರಾಯ್ಡ್ 1937ರಲ್ಲಿ ಭಾರತದ ಆಹಾರಗಳ ಪೌಷ್ಟಿಕಾಂಶದ ಪಟ್ಟಿಯನ್ನು ಒಂದು ಸಣ್ಣ ಪುಸ್ತಕವಾಗಿ ತಂದರು. ಯಾವ ಕಾಳಿನಲ್ಲಿ ಏನಿದೆ, ಎಷ್ಟಿದೆ ಎಂದು ಡಾಕ್ಟರ್ ನೋಡಿ ಹೇಳಬಹುದಾಯಿತು. ಕೂನೂರಿನ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಬಂತು. 1969ರಿಂದ ಅದರ ಹೆಸರು ರಾಷ್ಟ್ರೀಯ ಪೋಷಣಾ ಸಂಸ್ಥೆ.

ಪುಸ್ತಕದಲ್ಲಿ ಇಲ್ಲದ ರೋಗಿ

ಹೈದರಾಬಾದಿಗೆ ಬಂದ ಮೇಲೆ ನಮ್ಮ ಜೋಳದ ಕಥೆ ಶುರುವಾಗುತ್ತದೆ.

ಪೆಲಾಗ್ರಾ ಎಂಬ ರೋಗವಿದೆ. ಬಿಸಿಲು ಬೀಳುವ ಕಡೆ, ಅಂದರೆ ಕುತ್ತಿಗೆ, ಕೈ, ಪಾದಗಳ ಚರ್ಮ ಸುಟ್ಟ ಹಾಗೆ ಕಪ್ಪಾಗಿ ಸುಲಿಯುತ್ತದೆ. ಕುತ್ತಿಗೆಯ ಸುತ್ತ ಕಪ್ಪು ಸರ ಹಾಕಿದ ಹಾಗೆ ಕಾಣುತ್ತದೆ. ಭೇದಿ ಹಿಡಿಯುತ್ತದೆ. ಆಮೇಲೆ ಬುದ್ಧಿ ಭ್ರಮಿಸುತ್ತದೆ. ಬಿಟ್ಟರೆ ಸಾವು.

ಅಮೆರಿಕದ ದಕ್ಷಿಣ ಭಾಗದಲ್ಲಿ ಮೆಕ್ಕೆಜೋಳ ತಿನ್ನುವ ಬಡವರಿಗೆ ಇದು ವಿಪರೀತ ಬರುತ್ತಿತ್ತು. ಅಲ್ಲಿಯ ಡಾಕ್ಟರರು ಇದನ್ನು ಅಂಟುರೋಗ ಎಂದೇ ನಂಬಿದ್ದರು. ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ಸರ್ಕಾರಿ ಡಾಕ್ಟರ್ ಅಲ್ಲ ಎಂದರು. 1915ರಲ್ಲಿ ಮಿಸಿಸಿಪ್ಪಿಯ ಜೈಲಿನ ತೋಟವೊಂದರಲ್ಲಿ, ಒಪ್ಪಿಕೊಂಡ ಕೈದಿಗಳಿಗೆ ಮೆಕ್ಕೆಜೋಳವೇ ಹೆಚ್ಚಿದ್ದ ಬಡ ಊಟ ಕೊಟ್ಟು ರೋಗ ಬರಿಸಿ ತೋರಿಸಿದರು. ಆದರೂ ಜನ ನಂಬಲಿಲ್ಲ. ಆಗ ತಾವು, ತಮ್ಮ ಸಹೋದ್ಯೋಗಿಗಳು ರೋಗಿಗಳ ರಕ್ತವನ್ನು ಮೈಗೆ ಚುಚ್ಚಿಸಿಕೊಂಡರು. ಅವರ ಹೆಂಡತಿಯೂ ಚುಚ್ಚಿಸಿಕೊಂಡರು. ಯಾರಿಗೂ ರೋಗ ಬರಲಿಲ್ಲ. 1937ರಲ್ಲಿ ಗೊತ್ತಾಯಿತು, ಕೊರತೆ ಇದ್ದದ್ದು ನಯಾಸಿನ್ ಎಂಬ ಬಿ ಜೀವಸತ್ವದ್ದು.

ಹೀಗಾಗಿ ವೈದ್ಯಕೀಯ ಪುಸ್ತಕಗಳಲ್ಲಿ ಪೆಲಾಗ್ರಾ ಎಂದರೆ ಮೆಕ್ಕೆಜೋಳದವರ ರೋಗ. ಆದರೆ ದಖ್ಖನದಲ್ಲಿ ಬಡ ಕೃಷಿ ಕೂಲಿಗಳ ಕುತ್ತಿಗೆಯಲ್ಲಿ ಅದೇ ಕಪ್ಪು ಸರ ಕಾಣುತ್ತಿತ್ತು. ಇವರು ಉಣ್ಣುತ್ತಿದ್ದದ್ದು ಮೆಕ್ಕೆಜೋಳವಲ್ಲ, ನಮ್ಮ ಬಿಳಿಜೋಳ. 1960ರಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದನ್ನು ಬರೆದರು. ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಹೆಚ್ಚು, ಮೈಯೊಳಗೆ ನಯಾಸಿನ್ ತಯಾರಾಗಲು ಅದು ಅಡ್ಡ ಬರುತ್ತದೆ ಎಂಬುದು ಅವರ ವಾದ. 1965ರಲ್ಲಿ ಭವಾನಿ ಬೆಳವಾಡಿ ಮತ್ತು ಗೋಪಾಲನ್, ಜೋಳದ ಊಟದಿಂದ ನಾಯಿಗಳಲ್ಲೂ ಅಂಥದೇ ರೋಗ ಬರುವುದನ್ನು ತೋರಿಸಿದರು. ಶ್ರೀಕಂಠಯ್ಯನವರು ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲೂ ಕೆಲಸ ಮಾಡಿದರು.

ಲ್ಯೂಸಿನ್ ವಾದವನ್ನು ಆಮೇಲೆ ಬೇರೆ ವಿಜ್ಞಾನಿಗಳು ಪ್ರಶ್ನಿಸಿದ್ದಾರೆ. ಅದು ಹಾಗಿರಲಿ. ಇದನ್ನು ಓದಿ ಯಾರೂ ರೊಟ್ಟಿ ಬಿಡಬೇಡಿ. ರೋಗ ಬಂದದ್ದು ಮೂರು ಹೊತ್ತೂ ಜೋಳ ಬಿಟ್ಟು ಬೇರೇನೂ ಸಿಗದವರಿಗೆ. ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಕಾಳಿನ ಪಲ್ಯೆ, ಪುಂಡಿಪಲ್ಯೆ, ಮೊಸರು ಇರುವ ತಟ್ಟೆಯ ಮಾತೇ ಬೇರೆ. ಶೇಂಗಾದಲ್ಲಿ ನಯಾಸಿನ್ ಧಾರಾಳ ಇದೆ. ನಮ್ಮ ಹಿರಿಯರ ಪೂರ್ತಿ ತಟ್ಟೆ ಸರಿಯಾಗಿಯೇ ಇತ್ತು. ಬಡವನ ತಟ್ಟೆಯಲ್ಲಿ ಬರೀ ರೊಟ್ಟಿ, ಖಾರ ಉಳಿದಾಗ ರೋಗ ಬಂತು.

ಈಗ ಆ ರೋಗಿಯನ್ನು ನೆನೆಯಿರಿ. ಚರ್ಮಕ್ಕೆ ಮುಲಾಮು, ಭೇದಿಗೆ ಒಂದು ಗುಳಿಗೆ, ತಲೆ ಕೆಟ್ಟರೆ ಹುಚ್ಚಾಸ್ಪತ್ರೆ. ಮೂರು ಡಾಕ್ಟರು, ಮೂರು ಚೀಟಿ. "ಏನ್ ಉಣ್ತೀ" ಎಂದು ಒಬ್ಬರು ಕೇಳಿದ್ದರೆ ಮೂರೂ ಒಂದೇ ರೋಗ ಎಂದು ತಿಳಿಯುತ್ತಿತ್ತು.

ಕಲಿಸುವುದು ಎಲ್ಲಿಗೆ ಬಂತು

1946ರ ಭೋರ್ ಸಮಿತಿ ವರದಿ ಜನರ ಪೋಷಣೆಯ ಬಗ್ಗೆ ವಿವರವಾಗಿ ಬರೆಯಿತು. ಡಾಕ್ಟರಾಗುವವರಿಗೆ ರೋಗ ತಡೆಯುವ ವಿದ್ಯೆಯನ್ನೂ ಸಮಾಜವನ್ನೂ ಕಲಿಸಬೇಕು ಎಂದಿತು. 1957ರಲ್ಲಿ ಹುಬ್ಬಳ್ಳಿಗೆ ವೈದ್ಯಕೀಯ ಕಾಲೇಜು ಬಂತು, ಮುಂದೆ ಕಿಮ್ಸ್ ಎಂದು ಹೆಸರಾದದ್ದು ಅದೇ. ಧಾರವಾಡದಲ್ಲಿ 1974ರಲ್ಲಿ ಗ್ರಾಮೀಣ ಗೃಹವಿಜ್ಞಾನ ಕಾಲೇಜು ಶುರುವಾಯಿತು. ಊಟದ ಓದು ಇಲ್ಲಿ, ರೋಗದ ಓದು ಅಲ್ಲಿ. ನಡುವೆ ಇಪ್ಪತ್ತು ಕಿಲೋಮೀಟರ್ ದಾರಿ.

2019ರಲ್ಲಿ ದೇಶದ ಎಂಬಿಬಿಎಸ್ ಪಠ್ಯಕ್ರಮ ಬದಲಾಯಿತು. ಅದರ ಸಮುದಾಯ ವೈದ್ಯಶಾಸ್ತ್ರದಲ್ಲಿ ಪೋಷಣೆಗೆ ಬೇರೆ ಘಟಕವೇ ಇದೆ. ಒಬ್ಬ ಮನುಷ್ಯನ, ಒಂದು ಮನೆಯ ಪೋಷಣೆಯನ್ನು ಅಳೆಯುವುದು ಹೇಗೆ ಎಂದು ವಿದ್ಯಾರ್ಥಿ ಮಾಡಿ ತೋರಿಸಬೇಕು. ಕಾಗದದ ಮೇಲೆ ಇದು ಒಳ್ಳೆಯ ಮಾತು. ಆದರೆ ನೂರು ಜನರ ಪಾಳಿಯಲ್ಲಿ, ಒಬ್ಬರಿಗೆ ಎರಡು ನಿಮಿಷ ಸಿಗುವಾಗ, ಕಲಿತದ್ದು ಬಾಯಿಗೆ ಬರಬೇಕಲ್ಲ.

ಸಣ್ಣ ವಿಷಯ ಇದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8ರಷ್ಟು ಜನರಿಗೆ ರಕ್ತಹೀನತೆ. ಹತ್ತಿರ ಹತ್ತಿರ ಇಬ್ಬರಲ್ಲಿ ಒಬ್ಬರು. ಅವರಲ್ಲಿ ಎಷ್ಟು ಅವ್ವಂದಿರು ಗುಳಿಗೆಯನ್ನು ಚಹಾದ ಜೊತೆ ನುಂಗುತ್ತಿರಬಹುದು?

ಅದಕ್ಕೆ ನಮ್ಮದೊಂದು ವಿನಂತಿ. ಮುಂದಿನ ಸಲ ದವಾಖಾನೆಗೆ ಹೋಗುವ ಮುಂಚೆ, ಹಿಂದಿನ ಎರಡು ದಿನ ಉಂಡದ್ದು, ಕುಡಿದದ್ದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಗುಳಿಗೆ ಯಾವ ಹೊತ್ತಿಗೆ, ಯಾವುದರ ಜೊತೆ ಎಂಬುದನ್ನೂ ಬರೆಯಿರಿ. ಡಾಕ್ಟರ್ ಕೇಳದಿದ್ದರೆ ನೀವೇ ಹೇಳಿ: "ಸಾಹೇಬ್ರ, ನಾ ಉಣ್ಣೂದು ಇದು. ಇದರಾಗ ಏನರ ತಪ್ಪೈತೇನ್ ನೋಡ್ರಿ."

ನಮ್ಮ ಅವ್ವನ ಚೀಟಿ ಈಗ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಗುಳಿಗೆ ರಾತ್ರಿಗೆ ಹೋಗಿದೆ. ಮುಂಜಾನೆಯ ಚಹಾ ಮಾತ್ರ ಅವರು ಬಿಟ್ಟಿಲ್ಲ.