ಹತ್ತಿಯ ಹೊನ್ನು ಮತ್ತು ಹೊಣೆ: ಮುಂಬಯಿಯ ಇತಿಹಾಸದ ಒಂದು ಅಧ್ಯಾಯ

ಮುಂಬಯಿಯ ಓವಲ್ ಮೈದಾನದ ಅಂಚಿನಲ್ಲಿ, ವಿಶ್ವವಿದ್ಯಾಲಯದ ಗ್ರಂಥಾಲಯದ ಮೇಲೆ ನಿಂತಿರುವ ರಾಜಾಬಾಯಿ ಗೋಪುರವನ್ನು ಕಾಣದ ಮುಂಬಯಿ ಕನ್ನಡಿಗನಿರಲಾರ. ಅದರ ಗಡಿಯಾರವನ್ನು ನೋಡಿ ಕಚೇರಿಯ ಹಾದಿಯಲ್ಲಿ ಹೆಜ್ಜೆ ಚುರುಕುಗೊಳಿಸಿದವರು ನಮ್ಮಲ್ಲಿ ಎಷ್ಟೋ ಜನ. ಆ ಗ್ರಂಥಾಲಯಕ್ಕೂ ಗೋಪುರಕ್ಕೂ 1864ರಲ್ಲಿ ತಲಾ 2 ಲಕ್ಷ ರೂಪಾಯಿಗಳನ್ನು ದಾನವಿತ್ತವರು ಪ್ರೇಮಚಂದ ರಾಯಚಂದರು. ರಾಜಾಬಾಯಿ ಎಂಬುದು ಅವರ ತಾಯಿಯ ಹೆಸರು. 1869ರಲ್ಲಿ ಅಸ್ತಿಭಾರ ಬಿದ್ದು 1878ರಲ್ಲಿ ಗೋಪುರ ಪೂರ್ತಿಯಾಯಿತು. ಇಷ್ಟು ಅನೇಕರು ಬಲ್ಲರು. ಆದರೆ ಅಸ್ತಿಭಾರ ಬೀಳುವ ಹೊತ್ತಿಗೆ ದಾನಿಗಳು ದಿವಾಳಿಯಾಗಿದ್ದರೆಂಬುದನ್ನೂ, ಪ್ರಾಂತದ ಪ್ರಧಾನ ಬ್ಯಾಂಕೇ ಮುಳುಗಿದ್ದಿತೆಂಬುದನ್ನೂ, ಆ ಸಂಪತ್ತಿನ ಒಂದು ಎಳೆ ನಮ್ಮ ಧಾರವಾಡ ಸೀಮೆಯ ಎರೆಭೂಮಿಯಿಂದ ಬಂದದ್ದೆಂಬುದನ್ನೂ ನಾವು ನೆನೆಯುವುದು ಕಡಮೆ. ಸಿರಿವಂತರ ಮಹತ್ವಾಕಾಂಕ್ಷೆ ಎಲ್ಲಿಯವರೆಗೆ ಗುಣ, ಎಲ್ಲಿಂದ ದೋಷ ಎಂಬ ಪ್ರಶ್ನೆಯನ್ನು ವಿಚಾರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ದುರ್ಲಭ.

1861ರಲ್ಲಿ ಅಮೆರಿಕದ ಉತ್ತರ ದಕ್ಷಿಣ ಸಂಸ್ಥಾನಗಳ ನಡುವೆ ಅಂತರ್ಯುದ್ಧ ಹೊತ್ತಿಕೊಂಡಿತು. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲು ಬರುತ್ತಿದ್ದುದು ಆ ದಕ್ಷಿಣ ಸಂಸ್ಥಾನಗಳಿಂದಲೇ. ಉತ್ತರದವರು ಬಂದರುಗಳಿಗೆ ಮುತ್ತಿಗೆ ಹಾಕಿದೊಡನೆ ಲ್ಯಾಂಕಶೈರಿನ ಮಗ್ಗಗಳು ನಿಂತವು. ಗಿರಣಿಯ ಒಡೆಯರ ದೃಷ್ಟಿ ಮುಂಬಯಿಯತ್ತ ಹೊರಳಿತು. ಮುಂಬಯಿಯಿಂದ ಹೋಗುವ ಹತ್ತಿಯ ಬೆಲೆ ಮೂರು ವರ್ಷಗಳಲ್ಲಿ ಮೂರು ಪಟ್ಟಿಗೂ ಮೀರಿ ಏರಿತು. ಯುದ್ಧಕಾಲದಲ್ಲಿ ನಗರಕ್ಕೆ ಹರಿದುಬಂದ ಹೆಚ್ಚಿನ ಹಣ 8 ಕೋಟಿ ಪೌಂಡುಗಳಷ್ಟೆಂದು ಆ ಕಾಲದವರು ಲೆಕ್ಕ ಹಾಕಿದ್ದಾರೆ.

ಈ ಹತ್ತಿಯ ಒಂದು ಭಾಗ ಕನ್ನಡನಾಡಿನದು. 1840ರ ದಶಕದಿಂದಲೇ ಧಾರವಾಡ ಜಿಲ್ಲೆಯಲ್ಲಿ ಅಮೆರಿಕದ ಬೀಜವನ್ನು ಬಿತ್ತಿ ಒಗ್ಗಿಸಲಾಗಿದ್ದಿತು. ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನಿಂದ ಅದು ವ್ಯಾಪಾರಿಗಳಿಗೆ ಪರಿಚಿತವಾಗಿದ್ದಿತು. ಹುಬ್ಬಳ್ಳಿ-ಧಾರವಾಡಗಳಿಂದ ಎತ್ತಿನ ಬಂಡಿಗಳಲ್ಲಿ ಘಟ್ಟವಿಳಿದು ಅರಬ್ಬೀ ಸಮುದ್ರವನ್ನು ಮುಟ್ಟುತ್ತಿದ್ದ ಅರಳೆಯ ಒಂದು ಜಾತಿಗೆ, ಅದು ಹಡಗೇರುತ್ತಿದ್ದ ಬಂದರಿನಿಂದಲೇ, ‘ಕುಮಟಾ’ ಎಂಬ ಹೆಸರು ನಿಂತುಬಿಟ್ಟಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದುದರ ಹಿಂದೆ ಕಾರವಾರದ ಬಂದರನ್ನು ಹತ್ತಿಯ ಸಾಗಣೆಗೆ ಬೆಳೆಸಬೇಕೆಂಬ ಆಸೆಯೂ ಇದ್ದಿತು. ಕನ್ನಡಿಗರ ಒಂದು ಜಿಲ್ಲೆ ಒಂದು ಪ್ರಾಂತದಿಂದ ಇನ್ನೊಂದಕ್ಕೆ ಹೋದುದರಲ್ಲಿ ಅರಳೆಯ ಪಾತ್ರವೂ ಇದ್ದಿತೆಂಬುದು ವಿಚಾರಾರ್ಹ.

ಬೆಲೆಯೇರಿದಂತೆ ಮೋಸವೂ ಏರಿತು. ಅರಳೆಯಲ್ಲಿ ಕಲ್ಲು, ಮಣ್ಣು, ಬೀಜ ಸೇರಿಸುವುದು, ತೂಕಕ್ಕಾಗಿ ನೀರು ಚಿಮುಕಿಸುವುದು, ಒಳ್ಳೆಯ ಜಾತಿಯೊಡನೆ ಕೀಳು ಜಾತಿಯನ್ನು ಬೆರೆಸುವುದು ಸಾಮಾನ್ಯವಾಯಿತು. ಇದನ್ನು ತಡೆಯಲು 1863ರಲ್ಲಿ ಮುಂಬಯಿ ಪ್ರಾಂತದಲ್ಲಿ ಹತ್ತಿಯ ಕಲಬೆರಕೆಯನ್ನು ಶಿಕ್ಷಿಸುವ ಕಾಯಿದೆ ಬಂದಿತು. ಬೆರೆಸಿದವನಿಗೆ ದಂಡ, ಸೆರೆಮನೆ. ತಪಾಸಣೆಗೆ ಅಧಿಕಾರಿಗಳ ಒಂದು ಪಡೆ.

ಅದೇ 1863ರಲ್ಲಿ ಇನ್ನೊಂದು ಕಾಯಿದೆಯೂ ಆಯಿತು. ಅದು ಬ್ಯಾಂಕ್ ಆಫ್ ಬಾಂಬೆಯನ್ನು ಕುರಿತದ್ದು. 1840ರಲ್ಲಿ ಸ್ಥಾಪಿತವಾದ ಈ ಬ್ಯಾಂಕಿನಲ್ಲಿ ಸರ್ಕಾರವೂ ಪಾಲುಗಾರ. ಆಡಳಿತ ಮಂಡಳಿಯಲ್ಲಿ ಸರ್ಕಾರದ ನಿರ್ದೇಶಕರೂ ಇದ್ದರು. ಸರ್ಕಾರಿ ಸಾಲಪತ್ರಗಳಂತಹ ಭದ್ರವಾದ ಆಧಾರಗಳಿಲ್ಲದೆ ಸಾಲ ಕೊಡಲಾಗದಂತೆ ಹಳೆಯ ಸನದು ಕಟ್ಟುನಿಟ್ಟು ಮಾಡಿದ್ದಿತು. ಹೊಸ ಕಾಯಿದೆ ಆ ಕಟ್ಟುಗಳನ್ನು ಸಡಿಲಿಸಿ, ಕಂಪನಿಗಳ ಶೇರುಗಳ ಮೇಲೂ ಸಾಲ ಕೊಡಲು ಅವಕಾಶವಿತ್ತಿತು. ಅರಳೆಯಲ್ಲಿ ಕಲ್ಲು ಬೆರೆಸುವವನ ಕೈಯನ್ನು ಕಟ್ಟಿದ ವರ್ಷವೇ ಬೊಕ್ಕಸದಲ್ಲಿ ಕಾಗದ ಬೆರೆಸುವವನ ಕೈಯನ್ನು ಬಿಚ್ಚಿದಂತಾಯಿತು.

ಈ ಕಾಲದ ನಾಯಕರಾದ ಪ್ರೇಮಚಂದರು 1831ರಲ್ಲಿ ಸೂರತಿನ ಜೈನ ಮನೆತನವೊಂದರಲ್ಲಿ ಹುಟ್ಟಿದವರು. ಇಂಗ್ಲಿಷ್ ಬಲ್ಲ ದಲಾಲರಾಗಿ, ತೀಕ್ಷ್ಣವಾದ ಸ್ಮರಣಶಕ್ತಿಯಿಂದಲೂ ಮಾತಿನ ನಂಬುಗೆಯಿಂದಲೂ ಮೇಲೆ ಬಂದರು. ಅವರ ಏಳಿಗೆಯಲ್ಲಿ ನಿಂದ್ಯವಾದುದೇನೂ ಇಲ್ಲ. ಆದರೆ ಹತ್ತಿಯಿಂದ ಬಂದ ಹಣ ಉದ್ಯಮಗಳಲ್ಲಿ ನೆಲೆಗೊಳ್ಳದೆ ಕಾಗದದ ಮೇಲೆ ಕಾಗದವಾಗಿ ಬೆಳೆಯತೊಡಗಿತು. 1865ರ ಆರಂಭಕ್ಕೆ ಮುಂಬಯಿಯಲ್ಲಿ 31 ಬ್ಯಾಂಕುಗಳೂ 16 ಹಣಕಾಸಿನ ಸಂಘಗಳೂ 8 ಭೂಮಿ ಕಂಪನಿಗಳೂ ಇದ್ದವು. ಸಮುದ್ರವನ್ನು ತುಂಬಿ ನೆಲ ಮಾಡುವೆವೆಂದು ಹೊರಟ ಬ್ಯಾಕ್‌ಬೇ ಕಂಪನಿಯ 5,000 ರೂಪಾಯಿಯ ಶೇರು ಸುಮಾರು 50,000ಕ್ಕೆ ಏರಿತು. ತುಂಬಿದ ನೆಲವಿನ್ನೂ ಕಾಣದು. ಬೆಲೆ ಮಾತ್ರ ಮುಗಿಲನ್ನು ಮುಟ್ಟಿದ್ದಿತು. ಆ ಶೇರುಗಳನ್ನೇ ಒತ್ತೆಯಿಟ್ಟು ಬ್ಯಾಂಕಿನಿಂದ ಸಾಲ, ಆ ಸಾಲದಿಂದ ಮತ್ತೆ ಶೇರು. ಬ್ಯಾಂಕ್ ಆಫ್ ಬಾಂಬೆಯ ಸಾಲ ಯಾರಿಗೆ ದೊರೆಯಬೇಕೆಂಬುದರಲ್ಲಿ ಪ್ರೇಮಚಂದರ ಮಾತೇ ಪ್ರಮಾಣವಾಗತೊಡಗಿತು. ಸಾಲ ಬೇಡುವವರ ಮುಖಂಡನೇ ಸಾಲ ಕೊಡುವವರ ಸಲಹೆಗಾರನೂ ಆದ ಮೇಲೆ ಬೇಡವೆನ್ನುವವರು ಯಾರು?

1865ರ ಏಪ್ರಿಲ್ 9ರಂದು ಜನರಲ್ ಲೀ ಶರಣಾಗತನಾದನು. ವಾರ್ತೆ ಮುಂಬಯಿಗೆ ಮುಟ್ಟಿದೊಡನೆ ಹತ್ತಿಯ ಬೆಲೆ ಕುಸಿಯಿತು. ಆ ವರ್ಷದ ಜುಲೈ 1 ವಾಯಿದೆ ವ್ಯಾಪಾರದ ಲೆಕ್ಕ ತೀರಿಸಬೇಕಾದ ದಿನ. ಅಂದು ಕೊಡಬೇಕಾದವರ ಕೈಯಲ್ಲಿ ಹಣವಿರಲಿಲ್ಲ, ಬರಬೇಕಾದವರಿಗೆ ಬರಲಿಲ್ಲ. ಒಂದು ಪೇಢಿ ಬಿದ್ದು ಇನ್ನೊಂದನ್ನು ಬೀಳಿಸಿತು. 1866ರಲ್ಲಿ ಪ್ರೇಮಚಂದರೂ ದಿವಾಳಿಯಾದರು. ಬಂಡವಾಳದ ಬಹುಭಾಗವನ್ನು ಕಳೆದುಕೊಂಡು ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಮುಚ್ಚಿತು. ಸರ್ ಚಾರ್ಲ್ಸ್ ಜಾಕ್ಸನ್ನರ ಅಧ್ಯಕ್ಷತೆಯಲ್ಲಿ ವಿಚಾರಣಾ ಆಯೋಗವೊಂದು ನೇಮಕವಾಯಿತು. ಹೊಸ ಕಾಯಿದೆಯ ಸಡಿಲತೆ, ಕಾರ್ಯದರ್ಶಿಗಳ ದೌರ್ಬಲ್ಯ, ನಿರ್ದೇಶಕರ ಅಲಕ್ಷ್ಯ ಇವೆಲ್ಲವೂ ಹೊರಬಿದ್ದವು. ದುರಾಸೆ ಒಬ್ಬನಲ್ಲಿರಬಹುದು, ಅದು ನಗರವನ್ನೇ ಮುಳುಗಿಸಬೇಕಾದರೆ ಕಾವಲಿನವರ ನಿದ್ರೆಯೂ ಬೇಕು ಎಂಬುದೇ ಆ ವಿಚಾರಣೆಯ ಸಾರ.

ಹೊರೆ ನಗರದಲ್ಲಿಯೇ ನಿಲ್ಲಲಿಲ್ಲ. ಏರಿದ ಬೆಲೆಯನ್ನು ನಂಬಿ ಸಾಹುಕಾರರು ರೈತರಿಗೆ ಧಾರಾಳವಾಗಿ ಸಾಲ ಕೊಟ್ಟಿದ್ದರು, ಬೆಲೆಯಿಳಿಯಿತು, ಸಾಲವಿಳಿಯಲಿಲ್ಲ. 1875ರಲ್ಲಿ ಪುಣೆ ಮತ್ತು ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಸಾಲಪತ್ರಗಳನ್ನು ಕಸಿದು ಸುಟ್ಟ ಗಲಭೆಗೆ ಈ ಸಾಲದ ಉಬ್ಬರವೂ ಒಂದು ಕಾರಣ. ಶೇರು ಪೇಟೆಯ ಹೆಸರನ್ನೂ ಕೇಳದವನು ಅದರ ದಂಡವನ್ನು ತೆತ್ತನು.

ಈ ಬಿರುಗಾಳಿಗೆ ಸಿಕ್ಕವರಲ್ಲಿ ಟಾಟಾ ಮನೆತನವೂ ಒಂದು. ಯುವಕರಾದ ಜಮಶೇಟಜಿಯವರು ಆಗ ಇಂಗ್ಲೆಂಡಿನಲ್ಲಿದ್ದರು. ತಾವು ತಂದ ಪತ್ರಗಳಿಗೆ ಬೆಲೆಯಿಲ್ಲವಾದಾಗ ಅವರು ತಲೆಮರೆಸಿಕೊಳ್ಳಲಿಲ್ಲ. ಸಾಲ ಕೊಟ್ಟವರ ಮುಂದೆ ನಿಂತು ಇದ್ದುದನ್ನು ಇದ್ದಂತೆ ಹೇಳಿದರು. ಅವರಾದರೋ ಇವರನ್ನೇ, ತಿಂಗಳಿಗೆ 20 ಪೌಂಡು ಸಂಬಳದ ಮೇಲೆ, ಇವರದೇ ವ್ಯವಹಾರದ ಲೆಕ್ಕ ತೀರಿಸಲು ನೇಮಿಸಿದರು. ಜಮಶೇಟಜಿಯವರನ್ನು ಇದರಿಂದ ನಿಷ್ಕಳಂಕರೆನ್ನಬೇಕಾಗಿಲ್ಲ; ಅವರ ಹಾಂಗ್‌ಕಾಂಗಿನ ಪೇಢಿಯ ವ್ಯಾಪಾರದಲ್ಲಿ ಹತ್ತಿಯೊಡನೆ ಅಫೀಮೂ ಇದ್ದಿತು. ಆದರೂ ಲೆಕ್ಕವನ್ನು ತೆರೆದಿಟ್ಟ ಆ ನಡತೆ ಅವರ ಮುಂದಿನ ಬಾಳಿಗೆ ಮೂಲಧನವಾಯಿತು. 1898ರಲ್ಲಿ ಅವರು ಸಂಕಲ್ಪಿಸಿದ ದಾನವೂ, ಮೈಸೂರು ಸಂಸ್ಥಾನವಿತ್ತ 371 ಎಕರೆ ನೆಲವೂ ಕೂಡಿ 1909ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರ ಸ್ಥಾಪಿತವಾದುದನ್ನು ಕನ್ನಡಿಗರು ಬಲ್ಲರು.

ಪ್ರೇಮಚಂದರ ದಾನವೂ ಸಣ್ಣದಲ್ಲ. ಕಲಕತ್ತಾ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ವಿದ್ಯಾರ್ಥಿವೇತನ ಎಷ್ಟೋ ಪ್ರತಿಭಾವಂತರನ್ನು ಪೋಷಿಸಿತು. ದಿವಾಳಿಯಾದ ಮೇಲೂ ಅವರು ಮತ್ತೆ ದುಡಿದು, 1906ರಲ್ಲಿ ತೀರಿಕೊಳ್ಳುವವರೆಗೂ ಗೌರವದಿಂದ ಬಾಳಿದರು. ಆದುದರಿಂದ ಅವರನ್ನು ಖಳನೆಂದು ಚಿತ್ರಿಸುವುದು ಇತಿಹಾಸವಾಗದು. ಆದರೆ ದಾನಿಯೆಂದು ಕೊಂಡಾಡಿ ಮುಗಿಸಿಬಿಡುವುದೂ ಇತಿಹಾಸವಾಗದು. ದಾನದ ಲೆಕ್ಕ ಬೇರೆ, ಋಣದ ಲೆಕ್ಕ ಬೇರೆ. ಒಂದರ ಜಮೆಯನ್ನು ಇನ್ನೊಂದರ ಖರ್ಚಿಗೆ ವಜಾ ಹಾಕಲು ಯಾವ ಧರ್ಮಶಾಸ್ತ್ರವೂ ಯಾವ ಲೆಕ್ಕಶಾಸ್ತ್ರವೂ ಒಪ್ಪುವುದಿಲ್ಲ. ತನ್ನ ಹಣವನ್ನು ಪಣಕ್ಕೊಡ್ಡುವುದು ಸಾಹಸ. ಪರರು ನಂಬಿ ಇಟ್ಟ ಹಣವನ್ನು ಒಡ್ಡುವುದು ಸಾಹಸವಲ್ಲ. ಮಹತ್ವಾಕಾಂಕ್ಷೆಯೂ ದುರಾಸೆಯೂ ಬೇರೆಯಾಗುವ ಗೆರೆ ಇದೇ.

ಆ ಗೆರೆ 1868ರಲ್ಲಿಯೇ ಸ್ಪಷ್ಟವಾಗಿದ್ದಿತು. ಆದರೂ 1992ರಲ್ಲಿ ಇದೇ ನಗರದಲ್ಲಿ ಬ್ಯಾಂಕುಗಳ ಹಣ ದಲಾಲರ ಕೈಯಿಂದ ಶೇರು ಪೇಟೆಗೆ ಹರಿದ ಹಗರಣ ನಡೆಯಿತು. ಅದನ್ನು ಕಂಡವರಿಗೆ ಹಳೆಯ ಆಯೋಗದ ವಿಚಾರಣೆ ನೆನಪಾಗದಿರದು. ಕಲ್ಲು ಬೆರೆಸಿದ ಅರಳೆಯನ್ನು ಹಿಡಿಯುವಷ್ಟು ಎಚ್ಚರ ನಮ್ಮ ಕಾಯಿದೆಗಳಿಗೆ ಎಂದೂ ಉಂಟು. ದೊಡ್ಡವರ ಸಹಿಯನ್ನು ಶಂಕಿಸುವ ಎಚ್ಚರ ಮಾತ್ರ ಪ್ರತಿ ಬಾರಿಯೂ ತಡವಾಗಿ ಬರುತ್ತದೆ. ರಾಜಾಬಾಯಿ ಗೋಪುರದ ಕೆಳಗೆ ಹಾಯುವಾಗ ದಾನಿಗಳಿಗೆ ಕೈ ಮುಗಿಯೋಣ. ಜೊತೆಗೆ, ಕುಮಟೆಯ ಘಟ್ಟವಿಳಿದ ಬಂಡಿಗಳನ್ನೂ ಬೆಲೆಯಿಳಿದ ಮೇಲೆ ಸಾಲದಲ್ಲಿ ಉಳಿದ ಒಕ್ಕಲನ್ನೂ ನೆನೆಯೋಣ. ಆ ಗೋಪುರದ ಕಲ್ಲುಗಳಲ್ಲಿ ಅವರ ಪಾಲೂ ಇದೆ.